ಕೊಳಚೆ ಟ್ಯಾಂಕಿನ ಎಪಾಕ್ಸಿ ಕಿತ್ತು ಬರುತ್ತಿದೆ, ಮತ್ತೆ ಬಳಿಯುವ ಮೊದಲು ಏನೇನು ನೋಡಬೇಕು?

ಪಂಪ್‌ಮನೆ

ಎಲ್ಲರಿಗೂ ನಮಸ್ಕಾರ. ಒಂದು ವಸತಿ ಸಮುಚ್ಚಯದ ಕೊಳಚೆ ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುತ್ತೇನೆ. ಮನೆಗಳಿಂದ ಬರುವ ನೀರು ಮೊದಲು ಬಂದು ನಿಲ್ಲುವ ಟ್ಯಾಂಕ್ ಇದೆಯಲ್ಲ, ಅದರ ವಿಷಯ ಇದು. ನೆಲದೊಳಗಿನ ಆರ್‌ಸಿಸಿ ಟ್ಯಾಂಕ್, ಮೇಲೆ ಸ್ಲ್ಯಾಬ್, ಒಂದೇ ಮ್ಯಾನ್‌ಹೋಲ್.

ಹೂಳು ತೆಗೆಸಲು ಖಾಲಿ ಮಾಡಿಸಿದೆವು. ಮೇಲಿಂದ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ಮೇಲ್ಭಾಗದಲ್ಲಿ ಎಪಾಕ್ಸಿ, ಅಂದರೆ ಕಾಂಕ್ರೀಟ್ ಕಾಯಲು ಬಳಿದಿದ್ದ ಗಟ್ಟಿ ರಾಳದ ಲೇಪ, ಹಾಳೆ ಹಾಳೆಯಾಗಿ ಜೋತು ಬಿದ್ದಿದೆ. ಸ್ಲ್ಯಾಬಿನ ತಳದಲ್ಲಿ ಜಲ್ಲಿ ಎದ್ದು ಕಾಣುತ್ತಿದೆ. ಒಂದೆರಡು ಕಡೆ ಕಂಬಿಯೂ ಹೊರಬಂದಿದೆ. ವಿಚಿತ್ರ ಅಂದರೆ, ಸದಾ ನೀರಿನಲ್ಲಿ ಮುಳುಗಿರುವ ಕೆಳಭಾಗದಲ್ಲಿ ಕೋಟಿಂಗ್ ಹೆಚ್ಚುಕಡಿಮೆ ಚೆನ್ನಾಗಿಯೇ ಇದೆ!

ಮೂವರು ಗುತ್ತಿಗೆದಾರರನ್ನು ಕೇಳಿದೆ. ಒಬ್ಬರು ಇನ್ನೆರಡು ಕೋಟ್ ಎಪಾಕ್ಸಿ ಸಾಕು ಅಂದರು. ಇನ್ನೊಬ್ಬರು ಪಾಲಿಯೂರಿಯಾ (ಗನ್ನಿನಿಂದ ಹೊಡೆಯುವ ರಬ್ಬರಿನಂಥ ಲೇಪ) ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದರು. ಮೂರನೆಯವರು ವಾಟರ್‌ಪ್ರೂಫಿಂಗ್ ಪುಡಿ ಕಲಸಿ ಗಿಲಾವು ಮಾಡಿಕೊಡುತ್ತೇನೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಗಾರೆಮೇಸ್ತ್ರಿ

ಯಾರ ಮಾತೂ ಈಗಲೇ ಬೇಡ ಸರ್. ಮೊದಲು ಕಿತ್ತು ಬಂದ ಒಂದು ಚೂರು ಕೈಗೆ ತಗೊಳ್ಳಿ. ಅದರ ಬೆನ್ನು ತಿರುಗಿಸಿ ನೋಡಿ.

ಬೆನ್ನಿಗೆ ಬಿಳಿ ಪುಡಿ, ಮರಳು, ಸಿಮೆಂಟಿನ ಪದರ ಅಂಟಿಕೊಂಡು ಬಂದಿದ್ದರೆ ಎಪಾಕ್ಸಿ ಹಿಡಿತ ಬಿಟ್ಟಿಲ್ಲ, ಅದು ಹಿಡಿದುಕೊಂಡಿದ್ದ ಕಾಂಕ್ರೀಟೇ ಸಡಿಲವಾಗಿದೆ. ಬೆನ್ನು ನುಣ್ಣಗೆ ಹೊಳೆಯುತ್ತಿದ್ದರೆ ಬಳಿಯುವ ದಿನ ಗೋಡೆ ಒದ್ದೆ ಇತ್ತು, ಇಲ್ಲವೇ ಎಣ್ಣೆ, ಧೂಳು ಇತ್ತು. ಚೂರಿನ ಹಿಂದೆ ಗೋಡೆಯ ಮೇಲೆ ಇನ್ನೊಂದು ಕೋಟ್ ಹಾಗೇ ಉಳಿದಿದ್ದರೆ ಎರಡು ಕೋಟ್‌ಗಳ ನಡುವೆ ತಪ್ಪಾಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ.

ಒಳಗಿಳಿಯುವ ಮುನ್ನ

ಮೇಸ್ತ್ರಿಗಳೇ, ಸುತ್ತಿಗೆ ತಟ್ಟೋದು ಆಮೇಲೆ. ಒಳಗೆ ಇಳಿಯೋರು ಯಾರು, ಹೇಗೆ ಅನ್ನೋದು ಮೊದಲು.

ಖಾಲಿ ಟ್ಯಾಂಕ್ ಅಂದರೆ ಸುರಕ್ಷಿತ ಟ್ಯಾಂಕ್ ಅಂತ ಅರ್ಥ ಅಲ್ಲ. ತಳದ ಹೂಳನ್ನು ಕಾಲಿನಿಂದ ಕಲಕಿದರೆ ಸಾಕು, ಅದರೊಳಗೆ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಅನ್ನಬೇಡಿ. ಗಾಳಿಯಲ್ಲಿ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಮುಟ್ಟಿದರೆ ಕೆಲವೇ ನಿಮಿಷದಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. 700, 1000 ಪಿಪಿಎಂ ಇದ್ದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಹಾಗೇ ಇಳಿದವನೂ ಅಲ್ಲೇ ಉಳಿಯುತ್ತಾನೆ. ಇಂಥ ಸಾವುಗಳಲ್ಲಿ ಎಷ್ಟೋ ಸಲ ಆಗುವುದು ಇದೇ.

ನಾಲ್ಕು ಅನಿಲದ ಮೀಟರನ್ನು (ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ಉರಿಯುವ ಅನಿಲ ಅಳೆಯುವಂಥದ್ದು) ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಅಳೆಯಿರಿ. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆ ಇದ್ದರೆ ಇಳಿಯಬೇಡಿ. ಒಳಗೆ ಗಾಳಿ ತಳ್ಳುವ ಬ್ಲೋವರ್ ಕೆಲಸ ಮುಗಿಯುವವರೆಗೂ ಓಡುತ್ತಿರಬೇಕು. ಇಳಿದವರ ಮೈಮೇಲೆ ಹಾರ್ನೆಸ್ ಪಟ್ಟಿ, ಮೇಲೆ ಅವರನ್ನು ಎಳೆದುಕೊಳ್ಳಲು ಮೂರು ಕಾಲಿನ ಟ್ರೈಪಾಡ್, ಮ್ಯಾನ್‌ಹೋಲ್ ಬಿಟ್ಟು ಕದಲದ ಒಬ್ಬರು ಇರಲೇಬೇಕು. ಟ್ಯಾಂಕಿಗೆ ಬರುವ ಪೈಪಿಗೆ ಪ್ಲಗ್ ಹಾಕಿಸಿದ್ದೀರಾ?

ಪಂಪ್‌ಮನೆ

ಹಾಕಿಸಿದ್ದೇವೆ ಮೇಡಂ, ನೀರನ್ನು ಪಕ್ಕದ ಟ್ಯಾಂಕಿಗೆ ತಿರುಗಿಸಿದ್ದೇವೆ. ಇಷ್ಟರವರೆಗೆ ಯಾರನ್ನೂ ಇಳಿಸಿಲ್ಲ. ಇಂಥ ಕೆಲಸಕ್ಕೆಂದೇ ತರಬೇತಿ ಆದ ತಂಡವನ್ನು ಮೀಟರ್, ಟ್ರೈಪಾಡ್ ಸಮೇತ ಕರೆಸುತ್ತೇನೆ. ಅವರು ತಂದುಕೊಟ್ಟ ಚೂರುಗಳ ಬೆನ್ನು ನೋಡಿ ಬರೆಯುತ್ತೇನೆ.

ಏನಾದ್ರೂ_ಕೇಳ್ತೀನಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕೊಳೆ ನೀರು ಇರೋದು ಕೆಳಗೆ. ತಿಂದುಹೋಗಿರೋದು ಮೇಲೆ. ಇದು ಹೇಗೆ?

ಸಿವಿಲ್_ಅಕ್ಕ

ಒಳ್ಳೆ ಪ್ರಶ್ನೆ. ಇಡೀ ಕಾಯಿಲೆ ಇರೋದೇ ಅಲ್ಲಿ.

ಟ್ಯಾಂಕಿನ ತಳದ ಹೂಳಿನಲ್ಲಿ, ಗೋಡೆಯ ಲೋಳೆಯಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾ ಕೊಳಚೆ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಆ ಸಲ್ಫೈಡ್ ನೀರಿನಿಂದ ಬಿಟ್ಟು ಹೈಡ್ರೋಜನ್ ಸಲ್ಫೈಡ್ ಆಗಿ ಮೇಲಿನ ಖಾಲಿ ಜಾಗ ಸೇರುತ್ತದೆ. ಅಲ್ಲಿ ಸ್ಲ್ಯಾಬಿನ ತಳ ಸದಾ ಬೆವರುತ್ತಿರುತ್ತದೆ. ಆ ತೇವದಲ್ಲಿ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಕೂತಿರುತ್ತವೆ. ಅವಕ್ಕೆ ಗಾಳಿ ಬೇಕು. ಈ ಅನಿಲವನ್ನು ತಿಂದು ಸಲ್ಫ್ಯೂರಿಕ್ ಆಮ್ಲ ಬಿಡುವುದು ಇವೇ.

ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13. ಅಷ್ಟು ಕ್ಷಾರದಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲಾರವು. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಈ ಅನಿಲ ಸೇರಿ ನಿಧಾನವಾಗಿ ಮೇಲ್ಮೈಯನ್ನು 9ರ ಆಸುಪಾಸಿಗೆ ಇಳಿಸಿದ ಮೇಲೆ ಇವು ಒಂದರ ಹಿಂದೆ ಒಂದು ತಂಡವಾಗಿ ಬಂದು ಕೂರುತ್ತವೆ. ಕೊನೆಗೆ ಪಿಎಚ್ 1ರ ಹತ್ತಿರಕ್ಕೂ ಹೋಗುತ್ತದೆ. ಸಿಮೆಂಟಿನ ಸುಣ್ಣದ ಅಂಶವೆಲ್ಲ ಜಿಪ್ಸಂ ಆಗಿ ಒದ್ದೆ ಸುಣ್ಣದ ಮುದ್ದೆ ಥರ ಮೆತ್ತಗಾಗುತ್ತದೆ. ಕೆಟ್ಟ ಜಾಗಗಳಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ಕಾಂಕ್ರೀಟ್ ಹೀಗೇ ಕರಗುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಒಳಚರಂಡಿಯಲ್ಲಿ ಇದರ ಹಿಂದೆ ಬ್ಯಾಕ್ಟೀರಿಯಾ ಇವೆ ಅಂತ ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲೇ ತೋರಿಸಿದ್ದರು.

ಮುಳುಗಿದ ಭಾಗಕ್ಕೆ ಗಾಳಿ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಆಮ್ಲ ಹುಟ್ಟುವುದಿಲ್ಲ. ಅತಿ ಹೆಚ್ಚು ಹಾಳಾಗುವುದು ಸ್ಲ್ಯಾಬಿನ ತಳ ಮತ್ತು ನೀರು ಏರಿಳಿಯುವ ಪಟ್ಟಿ. ಆ ಪಟ್ಟಿಯಲ್ಲಿ ಮೆತ್ತಗಾದ ಪದರವನ್ನು ಏರಿಳಿಯುವ ನೀರು ಪ್ರತಿದಿನ ತೊಳೆದುಹಾಕಿ ಆಮ್ಲಕ್ಕೆ ಹೊಸ ಕಾಂಕ್ರೀಟ್ ಒದಗಿಸುತ್ತದೆ.

ಏನಾದ್ರೂ_ಕೇಳ್ತೀನಿ

ಹಾಗಾದ್ರೆ ಸಲ್ಫೇಟ್ ತಡೆಯೋ ಸಿಮೆಂಟ್ ಹಾಕಿ ಕಟ್ಟಿದ್ರೆ ಆಗ್ತಿರ್ಲಿಲ್ವಾ?

ಸಿವಿಲ್_ಅಕ್ಕ

ಇಲ್ಲ. ಆ ಸಿಮೆಂಟ್ ತಡೆಯುವುದು ಸಲ್ಫೇಟನ್ನು, ಆಮ್ಲವನ್ನಲ್ಲ. ಪಿಎಚ್ 1, 2ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಯಾವ ಬಗೆಯದಾದರೂ ಕರಗುತ್ತದೆ. ಸುಣ್ಣಕಲ್ಲಿನ ಜಲ್ಲಿ ಹಾಕಿದ ಕಾಂಕ್ರೀಟ್ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ, ಯಾಕೆಂದರೆ ಜಲ್ಲಿಯೂ ಆಮ್ಲವನ್ನು ಕುಡಿಯುತ್ತದೆ. ಅಷ್ಟೇ.

ಪಂಪ್‌ಮನೆ

ತಂಡ ಬಂದು ಇಳಿದು ನೋಡಿತು. ಮೀಟರ್, ಬ್ಲೋವರ್, ಟ್ರೈಪಾಡ್ ಎಲ್ಲ ಇತ್ತು.

ಸ್ಲ್ಯಾಬಿನ ತಳದ ಚೂರುಗಳ ಬೆನ್ನಿಗೆ ದಪ್ಪ ಬಿಳಿ ಪದರ ಅಂಟಿದೆ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದಂತೆ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಪಿಎಚ್ ಕಾಗದ ಒತ್ತಿ ನೋಡಿದರು, 2 ತೋರಿಸಿತು. ಉಳಿಯಿಂದ ಕೆತ್ತಿ ಫಿನಾಲ್ಫ್ಥಲೀನ್ ಸಿಂಪಡಿಸಿದರು, ಕ್ಷಾರ ಉಳಿದಿರುವ ಗಟ್ಟಿ ಕಾಂಕ್ರೀಟಿನ ಮೇಲೆ ಮಾತ್ರ ಗುಲಾಬಿಯಾಗುವ ದ್ರವ ಅದು. ಮೇಲೆ ಬಣ್ಣವೇ ಬರಲಿಲ್ಲ. ಕೆತ್ತಿದ ಗುಂಡಿಯ ಒಳಗೆ, ಹೆಬ್ಬೆರಳ ದಪ್ಪ ದಾಟಿದ ಮೇಲೆ ಗಾಢ ಗುಲಾಬಿ ಗೆರೆ ಕಾಣಿಸಿತು.

ಆದರೆ ಒಂದು ಮೂಲೆಯ ಗೋಡೆಯಲ್ಲಿ ಕಥೆಯೇ ಬೇರೆ. ಅಲ್ಲಿನ ಚೂರುಗಳ ಬೆನ್ನು ನುಣ್ಣಗಿದೆ. ಕೋಟಿಂಗಿನಲ್ಲಿ ನಾಣ್ಯದಗಲದ ಗುಳ್ಳೆಗಳು, ಚುಚ್ಚಿದರೆ ನೀರು. ಕಿತ್ತ ಜಾಗ ಒರೆಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಒದ್ದೆ.

ಗಾರೆಮೇಸ್ತ್ರಿ

ಎರಡು ಕಾಯಿಲೆ ಇದೆ ನಿಮ್ಮ ಟ್ಯಾಂಕಿಗೆ. ಮೇಲೆ ಆಮ್ಲ. ಮೂಲೆಯಲ್ಲಿ ಹೊರಗಿನ ಮಣ್ಣಿನ ನೀರು ಒಳಕ್ಕೆ ತಳ್ಳುತ್ತಿದೆ. ಎರಡು ಕೋಟ್ ಬಳೀತೀನಿ ಅಂದವರು ಇವೆರಡರಲ್ಲಿ ಯಾವುದನ್ನೂ ನೋಡಿಲ್ಲ, ಅಲ್ವಾ?

ಬಾವಿಕಟ್ಟೆ

ಹೊರಗಿನ ನೀರು ಅಂದದ್ದಕ್ಕೆ ಒಂದು ಮಾತು. ಟ್ಯಾಂಕನ್ನು ಪೂರ್ತಿ ಖಾಲಿ ಇಟ್ಟುಕೊಂಡು ಎಷ್ಟು ದಿನ ಕೆಲಸ ಮಾಡುತ್ತೀರಿ? ಅಂತರ್ಜಲ ಎಷ್ಟು ಮೇಲಿದೆ ಗೊತ್ತಾ?

ಲೆಕ್ಕ ಸುಲಭ. ಟ್ಯಾಂಕಿನ ತಳ 4 ಮೀಟರ್ ಅಗಲ, 5 ಮೀಟರ್ ಉದ್ದ ಇದೆ ಅಂದುಕೊಳ್ಳಿ. ತಳದಿಂದ ಒಂದು ಮೀಟರ್ ಮೇಲಕ್ಕೆ ಅಂತರ್ಜಲ ಬಂದರೆ ಕೆಳಗಿನಿಂದ 20 ಟನ್ ಮೇಲಕ್ಕೆ ತಳ್ಳುತ್ತದೆ. ಎರಡು ಮೀಟರ್ ಬಂದರೆ 40 ಟನ್. ಒಳಗೆ ನೀರು ತುಂಬಿದ್ದಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಖಾಲಿ ಮಾಡಿದಾಗ ಟ್ಯಾಂಕಿನ ಸ್ವಂತ ತೂಕವೇ ತಡೆಯಬೇಕು. ತಡೆಯದಿದ್ದರೆ ಇಡೀ ಟ್ಯಾಂಕ್ ಮೇಲೇಳುತ್ತದೆ, ಇಲ್ಲವೇ ತಳದ ಸ್ಲ್ಯಾಬ್ ಬಿರಿಯುತ್ತದೆ. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಲೇಬೇಡಿ. ಪಕ್ಕದಲ್ಲಿ ಒಂದು ಗುಂಡಿ ತೋಡಿ ಒಂದು ಪಂಪ್ ಇಟ್ಟು ಸುತ್ತಲಿನ ನೀರಿನ ಮಟ್ಟ ಇಳಿಸಿಕೊಳ್ಳಿ. ಮೂಲೆಯ ಸೋರಿಕೆ ನಿಲ್ಲಿಸಲೂ ಅದು ಸಹಾಯ ಮಾಡುತ್ತದೆ.

ಪಂಪ್‌ಮನೆ

ಇದನ್ನು ಯಾವ ಗುತ್ತಿಗೆದಾರರೂ ಹೇಳಿರಲಿಲ್ಲ. ನಕ್ಷೆ ಮಾಡಿಕೊಟ್ಟ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ತೂಕದ ಲೆಕ್ಕ ಕೇಳಿದ್ದೇನೆ.

ಕೆತ್ತಿ ತೆಗೆಯುವುದು ಎಲ್ಲಿಯವರೆಗೆ? ಆಸಿಡ್ ಹಾಕಿ ತೊಳೆದರೆ ಮೇಲ್ಮೈ ಒರಟಾಗುತ್ತದೆ, ಬೇಗ ಆಗುತ್ತದೆ ಅಂತ ಒಬ್ಬರು ಹೇಳಿದರು.

ಸಿವಿಲ್_ಅಕ್ಕ

ಆಮ್ಲ ತಿಂದ ಕಾಂಕ್ರೀಟಿಗೆ ಮತ್ತೆ ಆಮ್ಲವಾ! ಬೇಡವೇ ಬೇಡ. ಒಳಗೆ ಉಳಿದುಕೊಂಡು ಅದೂ ಕೆಲಸ ಶುರುಮಾಡುತ್ತದೆ. ಜೊತೆಗೆ ಆಮ್ಲವು ಹೂಳಿನ ಸಲ್ಫೈಡಿಗೆ ತಾಗಿದರೆ ಅಲ್ಲೇ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಅದು ನೇರ ಜೀವಕ್ಕೇ ಅಪಾಯ.

ತೆಗೆಯುವುದು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ, ಅಂದರೆ ಫಿನಾಲ್ಫ್ಥಲೀನ್ ಗುಲಾಬಿ ತೋರಿಸುವವರೆಗೆ. ಅತಿ ಒತ್ತಡದ ನೀರಿನ ಜೆಟ್ ಇದಕ್ಕೆ ಒಳ್ಳೆಯದು. ಮೆತ್ತಗಾದದ್ದನ್ನೆಲ್ಲ ಕಿತ್ತು ಗಟ್ಟಿಯದನ್ನು ಉಳಿಸುತ್ತದೆ, ಆಮ್ಲವನ್ನೂ ತೊಳೆಯುತ್ತದೆ. ಕಾಂಕ್ರೀಟ್ ಒಡೆಯುವ ಬ್ರೇಕರ್ ಮಷೀನ್ ಹಾಕಿದರೆ ಒಳಗೆ ಸಣ್ಣ ಬಿರುಕು ಬಿಡುವ ಸಾಧ್ಯತೆ ಇದೆ. ಹಾಕಲೇಬೇಕಾದರೆ ಚಿಕ್ಕದು ಹಾಕಿ, ಕೊನೆಗೆ ಮರಳು ಬ್ಲಾಸ್ಟಿಂಗ್ ಅಥವಾ ಜೆಟ್ ಮಾಡಿ.

ಆಮೇಲೆ ಎಳೆತದ ಪರೀಕ್ಷೆ ಮಾಡಿಸಿ. 50 ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಅಂಟಿಸಿ, ಸುತ್ತ ಕೊರೆದು, ಉಪಕರಣದಿಂದ ಎಳೆಯುತ್ತಾರೆ. ಸಾಮಾನ್ಯವಾಗಿ ಕೇಳುವುದು 1.5 ಮೆಗಾಪಾಸ್ಕಲ್, ಅಂದರೆ ಆ ಬಿಲ್ಲೆ ಸುಮಾರು 300 ಕಿಲೋ ಭಾರಕ್ಕೂ ಕಿತ್ತು ಬರಬಾರದು. ಎಷ್ಟಕ್ಕೆ ಬಂತು ಅನ್ನುವುದರ ಜೊತೆ ಎಲ್ಲಿ ಮುರಿಯಿತು ಅನ್ನುವುದನ್ನೂ ಬರೆಸಿಕೊಳ್ಳಿ. ಕಾಂಕ್ರೀಟಿನ ಮೇಲ್ಪದರವೇ ತೆಳ್ಳಗೆ ಎದ್ದು ಬಂದರೆ ಇನ್ನೂ ಕೆತ್ತುವುದು ಬಾಕಿ ಇದೆ.

ಗಾರೆಮೇಸ್ತ್ರಿ

ಕಂಬಿ ಕೆಲಸಕ್ಕೆ ನಾನು ಹೇಳ್ತೀನಿ. ಕಾಣುವ ಕಂಬಿಯ ಮುಂಭಾಗ ಮಾತ್ರ ಉಜ್ಜಿ ಪ್ರೈಮರ್ ಹೊಡೆಯೋರೇ ಜಾಸ್ತಿ. ತುಕ್ಕು ಹಿಂದೆಯೂ ಇರುತ್ತೆ. ಕಂಬಿಯ ಹಿಂದೆ ಬೆರಳು ಹೋಗುವಷ್ಟು, 20ರಿಂದ 25 ಮಿಲಿಮೀಟರ್ ಕಾಂಕ್ರೀಟ್ ತೆಗೆಯಬೇಕು. ತುಕ್ಕು ಹಿಡಿಯದ ಕಂಬಿ ಸಿಗುವವರೆಗೆ ಉದ್ದಕ್ಕೂ ಬಿಡಿಸ್ತಾ ಹೋಗಬೇಕು. ಕಂಬಿ ಸಣ್ಣಗಾಗಿದ್ರೆ ಎಂಜಿನಿಯರಿಗೆ ತೋರಿಸಿ, ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕಾಗಬಹುದು. ಆ ಸ್ಲ್ಯಾಬಿನ ಮೇಲೆ ಗಾಡಿ ಓಡಾಡುತ್ತಾ? ಓಡಾಡಿದ್ರೆ ಇವತ್ತೇ ನಿಲ್ಲಿಸಿ.

ತೇಪೆಯ ಅಂಚನ್ನು ಕಟಿಂಗ್ ಮಷೀನಲ್ಲಿ ನೇರ ಕೊಯ್ಯಬೇಕು, ಕನಿಷ್ಠ 10 ಮಿಲಿಮೀಟರ್ ಆಳ. ಅಂಚು ಸವೆದು ಸೊನ್ನೆಗೆ ಬರೋ ಥರ ಮಾಡಿದ್ರೆ ಮೊದಲು ಏಳೋದು ಅದೇ. ತುಂಬಲು ಸೈಟಿನ ಮರಳು ಸಿಮೆಂಟ್ ಬೇಡ, ಅದು ಕುಗ್ಗುತ್ತೆ. ಕುಗ್ಗದ ರಿಪೇರಿ ಮಾರ್ಟರ್ ಚೀಲ ತನ್ನಿ. ಚೀಲದ ಮೇಲೆ ಆರ್4 ಅಂತ ಇದ್ದರೆ ಒಳ್ಳೆಯದು.

ಸಿವಿಲ್_ಅಕ್ಕ

ಆರ್4 ಅಂದರೆ ಯುರೋಪಿನ ಇಎನ್ 1504 ಮಾನದಂಡದ ವರ್ಗ. ಕನಿಷ್ಠ 45 ಮೆಗಾಪಾಸ್ಕಲ್ ಒತ್ತು ಬಲ, 2 ಮೆಗಾಪಾಸ್ಕಲ್ ಹಿಡಿತ. ಮೇಸ್ತ್ರಿಗಳು ಹೇಳಿದ್ದು ಸರಿ.

ಏನಾದ್ರೂ_ಕೇಳ್ತೀನಿ

ಒಂದು ಗೊಂದಲ. ಮಾರ್ಟರ್ ಹಾಕೋ ಮೊದಲು ಗೋಡೆಗೆ ನೀರು ಕುಡಿಸಿ ಅಂತಾರೆ. ಎಪಾಕ್ಸಿ ಬಳಿಯೋ ಮೊದಲು ಒಣಗಿಸಿ ಅಂತಾರೆ. ಯಾವುದು ಸರಿ?

ಗಾರೆಮೇಸ್ತ್ರಿ

ಎರಡೂ ಸರಿ, ಬೇರೆ ಬೇರೆ ದಿನ. ಸಿಮೆಂಟ್ ಕೆಲಸಕ್ಕೆ ಗೋಡೆ ಒಳಗೆ ನೀರು ಕುಡಿದಿರಬೇಕು, ಮೇಲೆ ನೀರು ನಿಂತಿರಬಾರದು. ಇಲ್ಲದಿದ್ರೆ ಗೋಡೆ ಮಾರ್ಟರಿನ ನೀರನ್ನು ಹೀರಿಬಿಡುತ್ತೆ. ಆಮೇಲೆ ಕ್ಯೂರಿಂಗ್. ಆಮೇಲೆ ಒಣಗಿಸೋದು. ನಡುವಿನ ಈ ಕಾಯುವ ದಿನಗಳನ್ನೇ ಎಲ್ಲರೂ ನುಂಗಿಹಾಕೋದು.

ಸಿವಿಲ್_ಅಕ್ಕ

ಹೊಸ ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನ ಅನ್ನುತ್ತಾರೆ. ಕೆಲವು ರಿಪೇರಿ ಮಾರ್ಟರ್ ಮೇಲೆ ಬೇಗ ಬಳಿಯಬಹುದು, ತಯಾರಕರ ಹಾಳೆಯಲ್ಲಿ ಬರೆದಿರುತ್ತದೆ. ಒಣಗಿದೆಯೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ಹೇಳಬೇಡಿ. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಇದ್ದರೆ, ಅಥವಾ ಗೋಡೆ ಕಪ್ಪಾಗಿದ್ದರೆ ಕಾಯಬೇಕು.

ನೆಲದೊಳಗಿನ ಟ್ಯಾಂಕ್ ಪೂರ್ತಿ ಒಣಗುವುದು ಅಪರೂಪ, ಅದು ನಿಜ. ಅಂಥ ಕಡೆ ಮೂರು ಭಾಗದ ಎಪಾಕ್ಸಿ ಸಿಮೆಂಟ್ ಮಾರ್ಟರನ್ನು ಕೆಲವು ಮಿಲಿಮೀಟರ್ ದಪ್ಪಕ್ಕೆ ಎಳೆಯುತ್ತಾರೆ. ಅದು ಒದ್ದೆ ಗೋಡೆಗೂ ಹಿಡಿಯುತ್ತದೆ, ತೇವವನ್ನು ತಾತ್ಕಾಲಿಕವಾಗಿ ತಡೆದು ಮೇಲಿನ ಕೋಟಿಂಗಿಗೆ ಸಮಯ ಕೊಡುತ್ತದೆ. ಗೋಡೆಯ ಸಣ್ಣ ಸಣ್ಣ ಗಾಳಿ ತೂತುಗಳನ್ನೂ ಮುಚ್ಚುತ್ತದೆ. ಆದರೆ ನೀರು ಜಿನುಗುತ್ತಿರುವ ಜಾಗಕ್ಕೆ ಇದು ಸಾಲದು. ಮೊದಲು ಬಿರುಕಿಗೆ ಪಾಲಿಯುರೆಥೇನ್ ಇಂಜೆಕ್ಷನ್ ಕೊಡಿಸಿ. ನೀರು ತಾಗಿದರೆ ನೊರೆಯಾಗಿ ಉಬ್ಬಿ ದಾರಿ ಮುಚ್ಚುವ ರಾಳ ಅದು.

ಸ್ಪ್ರೇಗನ್

ನಾನು ಪಾಲಿಯೂರಿಯಾ ಹೊಡೆಯುವ ಕೆಲಸದವನು. ಇಲ್ಲಿ ಯಾರೂ ಅದರ ಪರ ಮಾತಾಡ್ತಿಲ್ಲ, ಹಾಗಾಗಿ ಬರೀತಿದ್ದೀನಿ.

ಎಪಾಕ್ಸಿ ಗಟ್ಟಿ, ಆದರೆ ಹಿಗ್ಗುವುದು ಶೇಕಡಾ ಕೆಲವೇ ಪಾಲು. ಗೋಡೆಯಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಎಪಾಕ್ಸಿಯೂ ಬಿರಿಯುತ್ತೆ. ಪಾಲಿಯೂರಿಯಾ ಶೇಕಡಾ ನೂರಾರು ಪಾಲು ಹಿಗ್ಗುತ್ತೆ. ಗನ್ನಿಂದ ಹೊರಬಂದ ಕೆಲವೇ ಸೆಕೆಂಡಲ್ಲಿ ಗಟ್ಟಿಯಾಗುತ್ತೆ, ಒಂದೇ ದಿನದಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪ ಬರುತ್ತೆ. ಟ್ಯಾಂಕನ್ನು ಬೇಗ ವಾಪಸ್ ಕೊಡಬಹುದು.

ಸಿವಿಲ್_ಅಕ್ಕ

ಸ್ಪ್ರೇಗನ್ ಅವರೇ, ಹಿಗ್ಗುವುದು ನಿಜ, ವೇಗವೂ ನಿಜ. ಆ ವೇಗದಿಂದಲೇ ತೊಂದರೆಯೂ ಬರುತ್ತದಲ್ಲವೇ? ಕೆಲವು ಸೆಕೆಂಡಿನಲ್ಲಿ ಗಟ್ಟಿಯಾದರೆ ಕಾಂಕ್ರೀಟಿನ ಒಳಗೆ ಇಳಿದು ಹಿಡಿದುಕೊಳ್ಳಲು ಸಮಯವೇ ಇರುವುದಿಲ್ಲ. ಪ್ರೈಮರ್ ಸರಿ ಇಲ್ಲದಿದ್ದರೆ ಇಡೀ ಹಾಳೆ ಒಂದೇ ಸಲ ಕಿತ್ತು ಬರುತ್ತದೆ. ಎರಡು ದ್ರವಗಳ ಪ್ರಮಾಣ ಮಷೀನಿನಲ್ಲಿ ಸ್ವಲ್ಪ ತಪ್ಪಿದರೂ ಅಲ್ಲಲ್ಲಿ ಮೆತ್ತನೆ ಕಲೆಗಳು ಉಳಿಯುತ್ತವೆ. ಪಿಎಚ್ 1ರ ಆಮ್ಲಕ್ಕೆ ಎಲ್ಲ ಪಾಲಿಯೂರಿಯಾವೂ ನಿಲ್ಲುವುದಿಲ್ಲ. ನಿಮ್ಮದು ಎಷ್ಟು ಪಾಲು ಸಲ್ಫ್ಯೂರಿಕ್ ಆಮ್ಲಕ್ಕೆ, ಎಷ್ಟು ದಿನ ಪರೀಕ್ಷೆ ಆಗಿದೆ?

ಸ್ಪ್ರೇಗನ್

ಅದು ನ್ಯಾಯವಾದ ಪ್ರಶ್ನೆ. ಕೊಳಚೆಗಂತಲೇ ಮಾಡಿದ ಬಗೆ ಬೇರೆ ಇದೆ, ಚಾವಣಿಗೆ ಹೊಡೆಯೋದನ್ನು ಇಲ್ಲಿ ಹೊಡೆದರೆ ಕೆಡುತ್ತೆ. ಪ್ರೈಮರ್ ಹಾಕಿ ಅದು ಅಂಟಂಟು ಇರುವಾಗಲೇ ಹೊಡೀಬೇಕು, ಅಥವಾ ಅದರ ಮೇಲೆ ಒಣ ಮರಳು ಚೆಲ್ಲಿ ಗಟ್ಟಿಯಾದ ಮೇಲೆ ಹೊಡೀಬೇಕು. ದ್ರವ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಇರಬೇಕು. ಮಷೀನ್ ಇಲ್ಲದೆ ರೋಲರಿನಲ್ಲಿ ಪಾಲಿಯೂರಿಯಾ ಬಳೀತೀನಿ ಅಂತ ಬಂದವರು ಡಬ್ಬಿಯಲ್ಲಿ ಏನು ತಂದಿದ್ದಾರೆ ಅಂತ ಓದಿ ನೋಡಿ.

ಈ ಟ್ಯಾಂಕಿನ ಒದ್ದೆ ಮೂಲೆ ನೋಡಿದ್ರೆ ನಾನೇ ಈಗ ಹೊಡೆಯಲು ಒಪ್ಪಲ್ಲ.

ನೊವೊಲಾಕ್

ಹಳೆ ಕೆಲಸಗಳಲ್ಲಿ ಕೋಲ್ ಟಾರ್ ಎಪಾಕ್ಸಿಯೇ ಇತ್ತು. ನೀರು ತಡೆಯಲು ಚೆನ್ನಾಗಿತ್ತು, ಅದರ ಟಾರಿನಲ್ಲಿ ಕ್ಯಾನ್ಸರ್ ತರುವ ಅಂಶ ಇರುವುದರಿಂದ ಬಳಕೆ ತಗ್ಗಿದೆ. ಆಮ್ಲ ಇರುವ ಕಡೆ ನಾನು ಆರಿಸುವುದು ದ್ರಾವಕ ಇಲ್ಲದ ನೊವೊಲಾಕ್ ಎಪಾಕ್ಸಿ, ಸಾಮಾನ್ಯ ಎಪಾಕ್ಸಿಗಿಂತ ಅದರ ಒಳಹೆಣಿಗೆ ಬಿಗಿ. ವಿನೈಲ್ ಎಸ್ಟರ್ ಎಂಬ ಇನ್ನೊಂದು ರಾಳ ಆಮ್ಲಕ್ಕೆ ಇನ್ನೂ ಒಳ್ಳೆಯದು, ಆದರೆ ಸ್ಟೈರೀನ್ ಎಂಬ ಹಾನಿಕರ ಹಬೆ ಬಿಡುತ್ತದೆ, ಒದ್ದೆ ಕಾಂಕ್ರೀಟಿನ ಮೇಲೆ ಕೈಕೊಡುತ್ತದೆ. ಒಂದೇ ಮ್ಯಾನ್‌ಹೋಲ್ ಇರುವ ಟ್ಯಾಂಕಿನಲ್ಲಿ ನಾನಂತೂ ಆ ಕಡೆ ಹೋಗುವುದಿಲ್ಲ.

ಇನ್ನೊಂದು ದಾರಿ ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟಿನ ಮಾರ್ಟರ್, 12ರಿಂದ 25 ಮಿಲಿಮೀಟರ್ ದಪ್ಪ. ಒದ್ದೆ ಗೋಡೆಗೆ ಹಾಕಬಹುದು, ಸಾಮಾನ್ಯ ಸಿಮೆಂಟಿಗಿಂತ ಆಮ್ಲವನ್ನು ಹೆಚ್ಚು ತಡೆಯುತ್ತದೆ. ಆದರೆ ಅದೂ ನಿಧಾನವಾಗಿ ಸವೆಯುವ ವಸ್ತುವೇ. ಹೊಸ ಟ್ಯಾಂಕ್ ಕಟ್ಟುವವರಿದ್ದರೆ ಕಾಂಕ್ರೀಟ್ ಸುರಿಯುವಾಗಲೇ ಕಚ್ಚಿಕೊಳ್ಳುವ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಿಸಿಕೊಳ್ಳಿ. ಹಳೆಯದಕ್ಕೆ ಅದು ಕಷ್ಟ.

ಪಂಪ್‌ಮನೆ

ಮತ್ತೆ ಆ ವಾಟರ್‌ಪ್ರೂಫಿಂಗ್ ಪುಡಿ? ಕಾಂಕ್ರೀಟಿನೊಳಗೆ ಹರಳು ಬೆಳೆದು ತೂತು ಮುಚ್ಚುತ್ತದೆ ಅಂದರು.

ನೊವೊಲಾಕ್

ಸೋರಿಕೆಗೆ ಕೆಲಸ ಮಾಡುತ್ತದೆ. ಆಮ್ಲಕ್ಕೆ ಮಾಡುವುದಿಲ್ಲ, ಆ ಹರಳುಗಳೂ ಸಿಮೆಂಟಿನ ಬಳಗದವೇ. ಮೂಲೆಗೆ ಬಳಸಬಹುದು. ಸ್ಲ್ಯಾಬಿಗೆ ಬೇಡ.

ಗಾರೆಮೇಸ್ತ್ರಿ

ಬಳಿಯೋ ದಿನದ ಬಗ್ಗೆಯೂ ಹೇಳಿಬಿಡಿ ಯಾರಾದ್ರೂ. ನಮ್ಮ ಕೆಲಸ ಚೆನ್ನಾಗಿದ್ದೂ ಕೋಟಿಂಗ್ ತುಂಬ ಸೂಜಿ ತೂತು ಬಿದ್ದದ್ದು ನೋಡಿದ್ದೀನಿ.

ನೊವೊಲಾಕ್

ಅದಕ್ಕೆ ಕಾರಣ ಕಾಂಕ್ರೀಟಿನ ಉಸಿರು. ಬೆಳಿಗ್ಗೆ ಬಿಸಿಲೇರುವಾಗ ಕಾಂಕ್ರೀಟ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹಸಿ ಕೋಟಿಂಗನ್ನು ತೂರಿಕೊಂಡು ಹೊರಬರುತ್ತದೆ, ಹೋದ ದಾರಿಯಲ್ಲಿ ಒಂದು ತೂತು ಉಳಿಯುತ್ತದೆ. ಸಂಜೆ, ತಾಪ ಇಳಿಯುವ ಹೊತ್ತಿಗೆ ಪ್ರೈಮರ್ ಹಾಕಿದರೆ ಕಾಂಕ್ರೀಟ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಷ್ಟು ಸಣ್ಣ ವಿಷಯ ಎಷ್ಟು ಕೆಲಸಗಳನ್ನು ಉಳಿಸುತ್ತದೆ ಅಂದರೆ ನಂಬುವುದಿಲ್ಲ.

ಗೋಡೆಯ ತಾಪ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಕ್ಕಿಂತ, ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮುಚ್ಚಿದ ಟ್ಯಾಂಕಿನಲ್ಲಿ ತೇವ ಜಾಸ್ತಿ, ಆದ್ದರಿಂದ ಬಳಿಯುವ ಮೊದಲೂ, ನಡುನಡುವೆಯೂ ಅಳೆಯಿರಿ. ತೇವ ಹೆಚ್ಚಿದ್ದಾಗ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ಬೆಚ್ಚನೆ ಶುದ್ಧ ನೀರಿನಿಂದ ಉಜ್ಜಿ ತೊಳೆದು ಒಣಗಿಸದೆ ಎರಡನೇ ಕೋಟ್ ಹಾಕಿದರೆ ಎರಡೂ ಕೋಟ್ ಬೇರೆಯಾಗುತ್ತವೆ. ಮೇಸ್ತ್ರಿಗಳು ಮೊದಲೇ ಹೇಳಿದ ಮೂರನೇ ಬಗೆ ಅದೇ.

ಮೂಲೆಗಳು, ಪೈಪ್ ಗೋಡೆ ತೂರುವ ಜಾಗ, ಮ್ಯಾನ್‌ಹೋಲಿನ ಕಂಠ, ಇವಕ್ಕೆ ಮೊದಲು ಬ್ರಷ್‌ನಲ್ಲಿ ಒಂದು ಕೋಟ್ ಕೊಡಿ. ಕೋಟಿಂಗ್ ಮುಗಿಯುವ ಅಂಚಿನಲ್ಲಿ ಗೋಡೆಯಲ್ಲಿ ಒಂದು ಸಣ್ಣ ತೋಡು ಕೊಯ್ದು ಅದರೊಳಗೆ ತುಂಬಿ ನಿಲ್ಲಿಸಿ. ಬರೀ ಬಯಲಲ್ಲಿ ನಿಲ್ಲಿಸಿದ ಅಂಚಿನ ಹಿಂದೆ ನೀರು ನುಗ್ಗುತ್ತದೆ.

ಪಂಪ್‌ಮನೆ

ಮುಗಿದ ಮೇಲೆ ಸೂಜಿ ತೂತು ಹುಡುಕುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲವಲ್ಲ.

ನೊವೊಲಾಕ್

ಸ್ಪಾರ್ಕ್ ಟೆಸ್ಟ್. ಹೆಚ್ಚು ವೋಲ್ಟೇಜಿನ ಬ್ರಷ್ ಅನ್ನು ಕೋಟಿಂಗಿನ ಮೇಲೆ ಆಡಿಸುತ್ತಾರೆ, ಇನ್ನೊಂದು ತಂತಿಯನ್ನು ಕಂಬಿಗೆ ಅಥವಾ ಕಾಂಕ್ರೀಟಿಗೆ ಜೋಡಿಸುತ್ತಾರೆ. ತೂತು ಇದ್ದಲ್ಲಿ ಕಿಡಿ ಹಾರಿ ಬೀಪ್ ಅನ್ನುತ್ತದೆ. ಮಿಲಿಮೀಟರ್ ದಪ್ಪಕ್ಕೆ ಸುಮಾರು 4000 ವೋಲ್ಟ್ ಲೆಕ್ಕ. ಗುತ್ತಿಗೆಯಲ್ಲಿ ಈ ಪರೀಕ್ಷೆ ಬರೆದಿದೆ ಅಂತ ಗೊತ್ತಾದರೆ ಕೆಲವರು ದರಪಟ್ಟಿಯನ್ನೇ ಕೊಡುವುದಿಲ್ಲ. ಕೊಡದಿದ್ದರೆ ಒಳ್ಳೆಯದೇ ಆಯಿತು.

ಒಳಗಿಳಿಯುವ ಮುನ್ನ

ಕಿಡಿ ಹಾರಿಸುವ ಮೊದಲು ಮೀಟರಿನಲ್ಲಿ ಉರಿಯುವ ಅನಿಲದ ಅಂಕಿ ನೋಡಿ! ಪಕ್ಕದ ಟ್ಯಾಂಕಿನಿಂದ ಮೀಥೇನ್ ಬರುತ್ತಿರಬಹುದು, ದ್ರಾವಕ ಇರುವ ಪ್ರೈಮರ್ ಬಳಸಿದ್ದರೆ ಅದರ ಹಬೆಯೂ ಇರಬಹುದು.

ಬಾವಿಕಟ್ಟೆ

ನನಗೆ ಇನ್ನೊಂದು ಯೋಚನೆ. ಇಷ್ಟೆಲ್ಲ ಮಾಡಿ ಟ್ಯಾಂಕಿನಲ್ಲಿ ಅದೇ ಅನಿಲ ತುಂಬಿಕೊಂಡರೆ? ಒಳಬರುವ ಪೈಪ್ ಎತ್ತರದಿಂದ ಧುಮುಕುತ್ತಿದೆಯಾ? ನೀರು ಧುಮುಕಿದಷ್ಟೂ ಅನಿಲ ಬಿಡುತ್ತದೆ. ಪೈಪನ್ನು ನೀರಿನ ಮಟ್ಟದ ಕೆಳಗೆ ಇಳಿಸಿದರೆ ಅರ್ಧ ವಾಸನೆ ಅಲ್ಲೇ ಕಡಿಮೆ.

ಪಂಪ್‌ಮನೆ

ಧುಮುಕುತ್ತದೆ. ಗಾಳಿ ಬಿಡುವ ಡಿಫ್ಯೂಸರ್ ತಳದಲ್ಲಿ ಇದೆ, ಆದರೆ ಕರೆಂಟು ಉಳಿಸಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತೇವೆ.

ಸಿವಿಲ್_ಅಕ್ಕ

ಅದು ಎಲ್ಲಕ್ಕಿಂತ ಕೆಟ್ಟ ಏರ್ಪಾಡು. ಗಾಳಿ ನಿಂತಿರುವಾಗ ನೀರು ಕೊಳೆತು ಸಲ್ಫೈಡ್ ಸೇರುತ್ತದೆ. ಬ್ಲೋವರ್ ಹಾಕಿದ ಕೂಡಲೇ ಆ ಗುಳ್ಳೆಗಳೇ ಅನಿಲವನ್ನೆಲ್ಲ ಎತ್ತಿ ಸ್ಲ್ಯಾಬಿಗೆ ತಲುಪಿಸುತ್ತವೆ. ಓಡಿಸಿದರೆ ನೀರು ಕೊಳೆಯದಷ್ಟು ನಿರಂತರ ಓಡಿಸಿ. ಮೇಲಿನ ಜಾಗದ ಗಾಳಿಯನ್ನು ಫ್ಯಾನಿನಿಂದ ಎಳೆದು ವಾಸನೆ ಹೀರುವ ಫಿಲ್ಟರ್ ಮೂಲಕ ಹೊರಬಿಡಿ. ಸ್ಲ್ಯಾಬ್ ಒಣಗಿದಷ್ಟೂ ಬ್ಯಾಕ್ಟೀರಿಯಾಗೆ ಜಾಗ ಕಡಿಮೆ.

ನೀರಿನ ಪಿಎಚ್ ಕೂಡ ನೋಡಿ. 7ರಲ್ಲಿ ಕರಗಿರುವ ಸಲ್ಫೈಡಿನ ಸುಮಾರು ಅರ್ಧ ಭಾಗ ಅನಿಲವಾಗಿ ಬಿಡಬಲ್ಲ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಹತ್ತನೇ ಒಂದು ಭಾಗ ಮಾತ್ರ. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿ ಸಲ್ಫೈಡನ್ನು ನೀರಿನಲ್ಲೇ ಕಟ್ಟಿಹಾಕುವುದೂ ಉಂಟು, ಆದರೆ ಮುಂದಿನ ಘಟಕಕ್ಕೆ ಅದು ಒಗ್ಗುತ್ತದೆಯೇ ಅಂತ ನೋಡಿಕೊಂಡು ಮಾಡಿ.

ಪಂಪ್‌ಮನೆ

ಮೂವರಿಗೂ ಒಂದೇ ಹಾಳೆ ಕಳಿಸಿದ್ದೇನೆ. ಮೊದಲು ಅಂತರ್ಜಲ ಇಳಿಸುವುದು, ಮೂಲೆಗೆ ಇಂಜೆಕ್ಷನ್. ಸ್ಲ್ಯಾಬನ್ನು ಗುಲಾಬಿ ಬಣ್ಣ ಬರುವವರೆಗೆ ಜೆಟ್ ಮಾಡುವುದು, ಎಳೆತದ ಪರೀಕ್ಷೆ, ಕಂಬಿ, ಆರ್4 ಮಾರ್ಟರ್. ಎಪಾಕ್ಸಿ ಸಿಮೆಂಟ್ ಪದರ, ಮೇಲೆ ನೊವೊಲಾಕ್, ಕೊನೆಗೆ ಸ್ಪಾರ್ಕ್ ಟೆಸ್ಟ್. ಗಿಲಾವಿನವರು ಇದು ನಮ್ಮ ಕೆಲಸ ಅಲ್ಲ ಅಂದರು. ಎರಡು ಕೋಟ್ ಅಂದವರು ಫೋನ್ ಎತ್ತುತ್ತಿಲ್ಲ. ಪಾಲಿಯೂರಿಯಾ ಅಂದವರು ಮಾತ್ರ ಹಾಳೆ ಪೂರ್ತಿ ಓದಿ, ನೊವೊಲಾಕ್ ಕೂಡ ಮಾಡುತ್ತೇವೆ, ಬಂದು ನೋಡುತ್ತೇವೆ ಅಂದಿದ್ದಾರೆ.

ಕೆಳಭಾಗದ ಹಳೆ ಎಪಾಕ್ಸಿ ಗಟ್ಟಿ ಇದೆಯಲ್ಲ, ಅದನ್ನೂ ಕೀಳಬೇಕಾ?

ನೊವೊಲಾಕ್

ಎರಡು ಮೂರು ಕಡೆ ಎಳೆತದ ಪರೀಕ್ಷೆ ಮಾಡಿಸಿ. 1.5 ದಾಟಿದರೆ ಇಟ್ಟುಕೊಳ್ಳಿ, ಮೇಲ್ಮೈ ಉಜ್ಜಿ ಒರಟು ಮಾಡಿ, ಹೊಸದನ್ನು ಅದರ ಮೇಲೆ ಒಂದು ಗೇಣು ಹತ್ತಿಸಿ. ಹಳೆಯದರ ಜೊತೆ ಹೊಸದು ಹೊಂದುತ್ತದೆಯೇ ಅಂತ ಮೊದಲು ಸಣ್ಣ ಜಾಗದಲ್ಲಿ ಬಳಿದು ನೋಡಿ, ಅಂಚು ಸುಕ್ಕು ಏಳಬಾರದು.

ಏನಾದ್ರೂ_ಕೇಳ್ತೀನಿ

ಎಲ್ಲ ಮುಗಿದ ಮೇಲೆ ನೀರು ಬಿಡೋದು ಯಾವಾಗ?

ನೊವೊಲಾಕ್

25 ಡಿಗ್ರಿ ತಾಪದಲ್ಲಿ ಸಾಮಾನ್ಯವಾಗಿ ಏಳು ದಿನ. ಮುಟ್ಟಿದರೆ ಗಟ್ಟಿ ಅನ್ನಿಸುವುದು ಮರುದಿನವೇ ಆಗಿರುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಚಳಿ ಇದ್ದರೆ ಇನ್ನೂ ಜಾಸ್ತಿ ದಿನ. ಮೊದಲು ಶುದ್ಧ ನೀರು ತುಂಬಿ ಮಟ್ಟಕ್ಕೆ ಗುರುತು ಹಾಕಿ. ಕಾಂಕ್ರೀಟ್ ಕುಡಿಯುವಷ್ಟು ಕುಡಿಯಲಿ, ಆಮೇಲೆ ಒಂದು ವಾರ ಇಳಿತ ಅಳೆಯಿರಿ. ಪಕ್ಕದಲ್ಲೇ ಒಂದು ತಟ್ಟೆಯಲ್ಲಿ ನೀರಿಟ್ಟು ಆವಿಯಾಗುವುದನ್ನೂ ಅಳೆದು ಕಳೆಯಿರಿ. ಅದು ಸರಿ ಬಂದ ಮೇಲೆ ಪ್ಲಗ್ ತೆಗೆಯಿರಿ.